ಶರಣಿ ಎಳೆದ ಡೀಸೆಲ್

ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಕೆಟ್ಟಿತು. ಗಡಿಯಾರ ನೋಡಿ ಹೇಳುತ್ತಿಲ್ಲ. ಆ ಕಾಲದಲ್ಲಿ ತಗಡಿನ ಪತ್ರಾ ಹೊದಿಸಿದ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಗಡಿಯಾರವೇ ಇರಲಿಲ್ಲ. ತಳೇಗಾಂವದ ಕಾರ್ಖಾನೆಗಳು ಪಾಳಿ ಬದಲಾಗುವಾಗ ಊದುವ ಭೋಂಗಾವೇ ನಮ್ಮ ಸಾಲಿನ ಎಲ್ಲ ಮನೆಗಳಿಗೂ ಹೊತ್ತು ಹೇಳುತ್ತಿತ್ತು. ಬೆಳಗಿನ ಭೋಂಗಾಕ್ಕೆ ರೊಟ್ಟಿ ಬಡಿಯುವುದು ಮುಗಿದಿರಬೇಕು, ಮಧ್ಯಾಹ್ನದ ಭೋಂಗಾಕ್ಕೆ ನಲ್ಲಿಯ ಮುಂದೆ ಕೊಡ ಇಡಬೇಕು. ಅವತ್ತು ಮಧ್ಯಾಹ್ನದ ಭೋಂಗಾ ಊದುವಾಗ ನನ್ನ ತಂಗಿ ಶರಣಿ ಅಪ್ಪನ ಟ್ರಕ್ಕಿನ ಪಕ್ಕದಲ್ಲಿ ಬಾಯಲ್ಲಿ ಪೈಪು ಕಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ತುಸು ದೂರದಲ್ಲಿ ನಿಂತು, ಆ ಪೈಪು ನನ್ನ ಬಾಯಲ್ಲಿ ಇರಬೇಕಿತ್ತು ಅಂದುಕೊಳ್ಳುತ್ತಿದ್ದೆ.

ನಾವು ಯಾದಗಿರಿ ಕಡೆಯವರು, ದುಡಿಯಲು ಮರಾಠಿ ಸೀಮೆಗೆ ಬಂದವರು. ಅಪ್ಪ ಒಬ್ಬ ಸೇಠರ ಟ್ರಕ್ಕಿನಲ್ಲಿ ಖಡಿ, ಅಂದರೆ ಒಡೆದ ಜಲ್ಲಿಕಲ್ಲು, ಹೇರಿಕೊಂಡು ಲೋಣಾವಳಾದ ಕಡೆ ಕಟ್ಟುತ್ತಿದ್ದ ಹೋಟೆಲುಗಳಿಗೆ ಮುಟ್ಟಿಸುತ್ತಿದ್ದ. ಟ್ರಕ್ಕಿನ ಡೀಸೆಲ್ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ, ಅದು ಯಾವಾಗ ನೋಡಿದರೂ ಅರ್ಧಕ್ಕೇ ನಿಂತಿರುತ್ತಿತ್ತು. ಮಳೆಯಲ್ಲಿ, ಏರಿನ ನಡುವೆ ಟಾಕಿ ಬರಿದಾಗಿ ನಿಂತರೆ ಹಿಂದಿನ ಗಾಡಿಯವರೆಲ್ಲ ನಮ್ಮ ಮುತ್ತಜ್ಜನ ತನಕ ಬೈಯುತ್ತಾರೆ ಅಂತ ಅಪ್ಪ ನಗುತ್ತಿದ್ದ. ಹೀಗಾಗಿ ಸೀಟಿನ ಹಿಂದೆ ನೀಲಿ ಕ್ಯಾನೊಂದರಲ್ಲಿ ಸದಾ ಡೀಸೆಲ್ ಇರುತ್ತಿತ್ತು. ಮಳೆಗಾಲ ಬಂದರೆ ನಮ್ಮ ಖೋಲಿಯ ಹಿಂದೆಯೂ ಇನ್ನೊಂದು ಕ್ಯಾನು ಗೋಣಿತಟ್ಟು ಹೊದ್ದು ಕೂತಿರುತ್ತಿತ್ತು.

ತುಂಬಿದ ಕ್ಯಾನನ್ನು ಎತ್ತಿ ಹಿಡಿದು ಟಾಕಿಗೆ ಸುರಿದರೆ ಅರ್ಧ ನೆಲದ ಪಾಲು. ಅದಕ್ಕೇ ಕ್ಯಾನನ್ನು ಟ್ರಕ್ಕಿನ ಮೇಲೆ, ಖಡಿಯ ರಾಶಿಯ ಅಂಚಿಗೆ ಇಡುತ್ತಿದ್ದರು. ಪೈಪಿನ ಒಂದು ತುದಿಯನ್ನು ಅದರೊಳಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಕೆಳಗೆ ಬಾಯಲ್ಲಿಟ್ಟು ಎಳೆಯಬೇಕು. ಡೀಸೆಲ್ ಮೇಲೇರಿ, ಬಾಗಿ, ಇಳಿದು ಬರುವುದು ಕಂಡ ಕೂಡಲೇ ಬಾಯಿ ತೆಗೆದು, ತುದಿಗೆ ಹೆಬ್ಬೆರಳು ಒತ್ತಿ, ಟಾಕಿಯೊಳಗೆ ತೂರಿಸಬೇಕು. ಆಮೇಲೆ ಅದು ತಾನಾಗಿ ಹರಿಯುತ್ತದೆ. ಮೊದಲು ಈ ಕೆಲಸ ಕ್ಲೀನರನದು. ಅವನು ತಂಗಿಯ ಮದುವೆಗೆಂದು ಊರಿಗೆ ಹೋದವನು ತಿರುಗಿ ಬರಲೇ ಇಲ್ಲ. ಬೀಡಿ ಸೇದಿ ಸೇದಿ ಅಪ್ಪನಿಗೆ ಅಷ್ಟು ದಮ್ಮು ಇರಲಿಲ್ಲ.

ಹಿರಿಯಳೆಂದು ಮೊದಲು ಪೈಪು ಬಂದದ್ದು ನನ್ನ ಕೈಗೇ.

"ಜಗ್ಗವ್ವ, ಸಾವಕಾಶ ಜಗ್ಗು. ಮಜ್ಜಿಗಿ ಕುಡಿದಂಗ ಕುಡೀಬ್ಯಾಡ ಮತ್ತ" ಅಂದ ಅಪ್ಪ.

ಬಿಳಿ ಪೈಪಿನೊಳಗೆ ಹಳದಿ ಎಳೆಯೊಂದು ನನ್ನ ಕಡೆಗೆ ಓಡಿ ಬರುವುದು ಕಂಡಿತು. ಹೆದರಿ ಬಿಟ್ಟುಬಿಟ್ಟೆ. ಡೀಸೆಲೆಲ್ಲ ಅಪ್ಪನ ಪ್ಯಾಂಟಿನ ಮೇಲೆ. ಅಪ್ಪ ಬೈಯಲಿಲ್ಲ, ನಕ್ಕ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

"ಅಕ್ಕನ ಕೈಲೆ ಆಗಂಗಿಲ್ಲಪ್ಪ. ಕೊಡಿಲ್ಲಿ, ನಾ ಜಗ್ತೀನಿ" ಅಂತ ಶರಣಿ ಮುಂದೆ ಬಂದಳು. ಎಳೆದಳು, ಕಂಡಳು, ಬಿಟ್ಟಳು, ಒತ್ತಿದಳು, ತೂರಿಸಿದಳು. ಒಂದು ಹನಿ ಚೆಲ್ಲಲಿಲ್ಲ. ಪಕ್ಕಕ್ಕೆ ಉಗಿದು, ಫ್ರಾಕಿನ ತೋಳಿಗೆ ಬಾಯಿ ಒರೆಸಿಕೊಂಡು, ಹಳೇ ಡ್ರೈವರನ ಹಾಗೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ನೋಡ್ರಿಲ್ಲಿ, ನನ್ನ ಮಗಳು ಪಂಪ್ ಇದ್ದಂಗ ಅದಾಳ" ಅಂತ ಅಪ್ಪ ಇಡೀ ಸಾಲಿಗೆ ಕೇಳುವಂತೆ ಹೇಳಿದ. ನನ್ನ ಮಗಳು ಅಂದ. ಹಾಗಾದರೆ ನಾನು ಯಾರು ಅಂತ ನನಗೆ ಅವತ್ತು ರೊಟ್ಟಿ ಇಳಿಯಲಿಲ್ಲ.

ಆ ಮಳೆಗಾಲವಿಡೀ ಶರಣಿಯದೇ ರಾಜ್ಯ. ಡೀಸೆಲ್ ತುಂಬಿದ ದಿನ ಅಪ್ಪ ಅವಳನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ರಸ್ತೆ ಕೂಡುವ ನಾಕಾದ ತನಕ ಹೋಗುತ್ತಿದ್ದ. ಹಾರ್ನು ಹೊಡೆಯುವುದು ಅವಳೇ. ಅಲ್ಲಿಂದ ನಡೆದು ಬರುವಾಗ ಮುಖ ನೋಡಬೇಕು. ಲೋಣಾವಳಾದಿಂದ ತಂದ ಚಿಕ್ಕಿಯನ್ನು ಅಪ್ಪ ಇಬ್ಬರಿಗೂ ಸಮ ಮುರಿದು ಕೊಡುತ್ತಿದ್ದ ನಿಜ, ಆದರೆ ಅವಳ ಚೂರನ್ನು ಕೊಡುವಾಗ ಮಾತ್ರ "ತಗೋ ಉಸ್ತಾದ್" ಅನ್ನುತ್ತಿದ್ದ. ಓಣಿಯಲ್ಲಿ ಇಟ್ಟಂಗಿಗಳನ್ನು ಸಾಲಾಗಿ ಜೋಡಿಸಿ ಟ್ರಕ್ ಆಟ ಆಡುವಾಗ ಶರಣಿ ಮುಂದಿನ ಇಟ್ಟಂಗಿಯ ಮೇಲೆ ಕೂತು ನನಗೆ, "ಏ ಅಕ್ಕ, ನೀ ಕ್ಲೀನರ್. ಇಳದು ಗಾಲಿಗೆ ಕಲ್ಲು ಹಚ್ಚು" ಅನ್ನುತ್ತಿದ್ದಳು. ಹಚ್ಚುತ್ತಿದ್ದೆ. ಇಲ್ಲವಾದರೆ ಆಟಕ್ಕೇ ಇಲ್ಲ.

ಅವಳ ಮೈಯಿಂದ ಅಪ್ಪನ ವಾಸನೆ ಬರುತ್ತಿತ್ತು. ಅದನ್ನೇ ನನಗೆ ತಾಳಲಾಗುತ್ತಿರಲಿಲ್ಲ. ಒಂದು ದಿನ ಕ್ಯಾನಿನ ಮೇಲಿದ್ದ ಒರೆಸುವ ಬಟ್ಟೆ ತೆಗೆದು ನನ್ನ ಫ್ರಾಕಿಗೆ, ಕುತ್ತಿಗೆಗೆ ಚೆನ್ನಾಗಿ ತಿಕ್ಕಿಕೊಂಡೆ. ಅಪ್ಪ ಬಂದವನು ಗಮನಿಸಲಿಲ್ಲ. ಅವ್ವ ಗಮನಿಸಿದಳು.

"ಒಬ್ಬಾಕಿ ಸಾಲದಂತ ಇಬ್ಬರೂ ಗ್ಯಾರೇಜ್ ಆದ್ರೇನ? ಈ ಹುಡುಗೀರ ಬಾಯಿಗೆ ಅದನ್ನ ಹಚ್ಚಬ್ಯಾಡ್ರಿ ಅಂದ್ರ ಕೇಳವಲ್ರಿ ನೀವು."

"ಏನಾಗ್ತದ? ನಾ ಕ್ಲೀನರ್ ಇದ್ದಾಗ ಎಷ್ಟು ನುಂಗಿಲ್ಲ. ಅದಕ್ಕ ನೋಡು, ಗಾಡಿ ಇನ್ನೂ ಓಡ್ಲಿಕತ್ತದ" ಅಂತ ಅಪ್ಪ ತನ್ನ ಎದೆ ತಟ್ಟಿಕೊಂಡ. ಶರಣಿ ಬಿದ್ದು ಬಿದ್ದು ನಕ್ಕಳು. ಅವ್ವ ನನ್ನನ್ನು ನಲ್ಲಿಯ ಕೆಳಗೆ ಕೂರಿಸಿ ಬಟ್ಟೆ ಸೋಪಿನಿಂದ ಕುತ್ತಿಗೆ ಉಜ್ಜಿದಳು.

ಇನ್ನು ಆ ಮಧ್ಯಾಹ್ನ. ಬಿಳಿ ಪೈಪು ಹಳೆಯದಾಗಿ ಸೀಳಿಹೋಗಿತ್ತು. ಅಪ್ಪ ಯಾವುದೋ ಕಟ್ಟಡದಿಂದ ಗಿಡಕ್ಕೆ ನೀರುಣಿಸುವ ಹಸಿರು ಪೈಪಿನ ತುಂಡು ತಂದಿದ್ದ. ಗಟ್ಟಿ ಪೈಪು, ಒಳ್ಳೆಯದು ಅಂತ ಎಲ್ಲರೂ ಮುಟ್ಟಿ ನೋಡಿದೆವು. ಅದರೊಳಗೆ ಏನು ಬರುತ್ತಿದೆ ಅನ್ನುವುದು ಹೊರಗೆ ಕಾಣುವುದಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಶರಣಿ ಎಳೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ಎಳೆದಳು. ಭೋಂಗಾ ಊದಲು ಶುರುವಾಯಿತು.

"ಆಗಲಿಲ್ಲಾ ಪಂಪ್?" ಅಂದೆ ನಾನು.

ಅವಳು ನನ್ನ ಕಡೆ ಕಣ್ಣು ಕೆಕ್ಕರಿಸಿ ನೋಡಿ, ಕೆನ್ನೆ ಒಳಕ್ಕೆ ಹೋಗುವಂತೆ ಇದ್ದ ಶಕ್ತಿಯೆಲ್ಲ ಹಾಕಿ ಎಳೆದಳು. ಮುಂದಿನದನ್ನು ನಾನು ಇವತ್ತಿಗೂ ಬಿಡಿಬಿಡಿಯಾಗಿ ನೋಡುತ್ತೇನೆ. ಮೊದಲು ಅವಳ ಕಣ್ಣು ಅಗಲವಾದದ್ದು. ಪೈಪು ಹಾವಿನ ಹಾಗೆ ನೆಲದ ಮೇಲೆ ಹೊರಳಿದ್ದು. ಕೆಮ್ಮಬೇಕೆಂದು ಬಾಯಿ ತೆರೆದರೂ ಕೆಮ್ಮು ಬರದೆ ಹೋದದ್ದು. ಆಮೇಲೆ ಬಂದ ಕೆಮ್ಮು, ಅದರ ಜೊತೆ ಮೂಗಿನಿಂದ ಇಳಿದ ಡೀಸೆಲ್. ಭೋಂಗಾದ ಸದ್ದಿನಲ್ಲಿ ಯಾವುದೂ ಕೇಳಿಸಲಿಲ್ಲ. ಎಲ್ಲ ಮೂಕವಾಗಿ ನಡೆಯಿತು.

ನಮ್ಮೂರ ಕಡೆ ಯಾರ ಹೊಟ್ಟೆಗೆ ಹೋಗಬಾರದ್ದು ಹೋದರೂ ಮಾಡುವುದು ಒಂದೇ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು. ಅವ್ವ ತಂಬಿಗೆಯ ತುಂಬ ಕಲಸಿ ತಂದಳು. ಅಪ್ಪ ಹಿಡಿದುಕೊಂಡ. ಶರಣಿ ಕಾರಿದಳು, ಮತ್ತೆ ಕುಡಿಸಿದರು, ಮತ್ತೆ ಕಾರಿದಳು. ನೆಲದ ಮೇಲಿನ ನೀರಿನಲ್ಲಿ ಎಣ್ಣೆಯ ಬಣ್ಣಗಳು ತೇಲಿದವು.

"ಎಲ್ಲಾ ಹೊರಗ ಬಂತು, ತಾಯಿ. ಏನೂ ಆಗಂಗಿಲ್ಲ" ಅಂತ ಅವ್ವ ಅವಳ ಬಾಯಿಗೆ ಸಕ್ಕರೆ ಹಾಕಿದಳು. ಅಪ್ಪ ಕಟ್ಟೆಯ ಮೇಲೆ ಕೂತು ಶರಣಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ಸವರತೊಡಗಿದ. ಖಡಿ ಹೇರಿದ ಟ್ರಕ್ಕು ಹಾಗೇ ನಿಂತಿತ್ತು. ಹೊರಡಬೇಕು, ಹೊರಡುತ್ತಿರಲಿಲ್ಲ.

ನನ್ನ ಕಣ್ಣು ಆ ಕೈಯ ಮೇಲೇ ಇತ್ತು. ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ. ಇನ್ನೆಷ್ಟು ಹೊತ್ತು ಸವರುತ್ತಾನೋ ಅಂತ ನೋಡುತ್ತಿದ್ದೆ. ಹೊಟ್ಟೆಕಿಚ್ಚಿನವರಷ್ಟು ಕಣ್ಣಿಟ್ಟು ಯಾರೂ ನೋಡುವುದಿಲ್ಲ. ಅಪ್ಪನ ಬೆರಳುಗಳ ಕೆಳಗೆ ಮೈಗಂಟಿದ ಒದ್ದೆ ಫ್ರಾಕಿನಲ್ಲಿ ಅವಳ ಪಕ್ಕೆಗಳ ನಡುವೆ ಉಸಿರೆಳೆದಾಗಲೆಲ್ಲ ಗುಳಿ ಬೀಳುತ್ತಿರುವುದು ಹಾಗೆ ನನ್ನ ಕಣ್ಣಿಗೆ ಬಿತ್ತು.

"ಅಪ್ಪ, ಇಕಿ ಪಕ್ಕಡಿ ಯಾಕ ಹಿಂಗ ಒಳಗ ಹೋಗ್ಲಿಕತ್ತಾವ?"

ಅಪ್ಪ ಕೈ ನಿಲ್ಲಿಸಿ ನೋಡಿದ. ಎದ್ದುಬಿಟ್ಟ.

ಆ ಖಡಿ ತುಂಬಿದ ಟ್ರಕ್ಕಿನಲ್ಲೇ ದವಾಖಾನೆಗೆ ಹೋದೆವು. ಕ್ಯಾಬಿನ್ನಿನಲ್ಲಿ ನಾನು ಕೂತದ್ದು ಅದೇ ಮೊದಲು. ಕಿಟಕಿಯ ಪಕ್ಕದ ಜಾಗವೇ ಸಿಕ್ಕಿತ್ತು. ಎಷ್ಟು ಎತ್ತರ, ಎಷ್ಟು ದೂರ ಕಾಣುತ್ತದೆ ಅಂತ ಬೆರಗಾದೆ. ಮರುಕ್ಷಣ ಪಕ್ಕದಲ್ಲಿ ಅವ್ವನ ಮಡಿಲಿನಿಂದ ಸೀಟಿಯಂಥ ಉಸಿರು ಕೇಳಿ ಕಣ್ಣು ಮುಚ್ಚಿಕೊಂಡೆ. ಗೇರು ಬದಲಿಸಿದಾಗಲೆಲ್ಲ ಅಪ್ಪನ ಎಡಗೈ ಗೇರಿನಿಂದ ಶರಣಿಯ ಪಾದಕ್ಕೆ ಹೋಗುತ್ತಿತ್ತು, ಮತ್ತೆ ಗೇರಿಗೆ ಬರುತ್ತಿತ್ತು. ಅದನ್ನೂ ನೋಡಿದೆ. ಅವಳು ಸಾಯುತ್ತಾಳೆ ಅನ್ನುವ ಹೆದರಿಕೆ, ಆ ಕೈ ನನ್ನ ಪಾದಕ್ಕೆ ಬರಲಿಲ್ಲ ಅನ್ನುವ ಉರಿ, ಎರಡೂ ಒಂದೇ ಹೊಟ್ಟೆಯಲ್ಲಿದ್ದವು. ಒಂದು ಇನ್ನೊಂದನ್ನು ಹೊರಗೆ ಹಾಕಲಿಲ್ಲ.

ಡಾಕ್ಟರು ಗಟ್ಟಿ ಹೆಂಗಸು, ಮರಾಠಿಯವರು. ಮೂಗಿಗೆ ಗಾಳಿಯ ನಳಿಕೆ ಇಡಿಸಿ, ಎದೆ ಕೇಳಿ, ನಮ್ಮ ಕಡೆ ತಿರುಗಿದರು. ಅವ್ವನಿಗೆ ಮರಾಠಿ ಬಾರದು. ಊರೂರು ತಿರುಗಿದ ಅಪ್ಪನಿಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅವತ್ತು ಅವನ ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ. ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು ಎಲ್ಲ ಹೇಳಿದೆ: ಪೈಪು, ಕೆಮ್ಮು, ಉಪ್ಪುನೀರು.

"ಉಲ್ಟಿ ಕಾ ಕರವಲಿ?" ಅಂದರು ಡಾಕ್ಟರು. ವಾಂತಿ ಯಾಕೆ ಮಾಡಿಸಿದಿರಿ ಅಂತ. ಒಳಗೆ ಹೋಗುವಾಗ ಸ್ವಲ್ಪವೇ ಪುಪ್ಪುಸಕ್ಕೆ ಇಳಿದಿದ್ದೀತು, ಮೇಲಕ್ಕೆ ತರಿಸಿದಾಗ ಇನ್ನಷ್ಟು ಇಳಿಯಿತು ಅಂದರು. ಡೀಸೆಲ್ ಹೊಟ್ಟೆಯಲ್ಲಿ ಇದ್ದಿದ್ದರೆ ಅಷ್ಟು ಭಯವಿರಲಿಲ್ಲವಂತೆ. ಕಾಲೇಜಿಗೆ ಹೋದ ಮೇಲೆ ಪುಸ್ತಕದಲ್ಲಿ ಓದಿ ತಿಳಿದದ್ದೂ ಅದೇ.

"ಏನಂದ್ರು, ಹೇಳ ಮಗಳ" ಅಂತ ಅವ್ವ ನನ್ನ ಕೈ ಹಿಡಿದು ಜಗ್ಗಿದಳು. ನಾನು ಅಪ್ಪನ ಮುಖ ನೋಡಿದೆ. ಅವನಿಗೆ ಎಲ್ಲ ತಿಳಿದಿತ್ತು. ಅವನು ತಲೆಯನ್ನು ತುಸುವೇ, ಬೇಡ ಅನ್ನುವಂತೆ ಆಡಿಸಿದ.

"ಬರೋಬರ್ ಹೊತ್ತಿಗೆ ತಂದೀರಿ ಅಂದ್ರವ್ವ" ಅಂದೆ.

ಹೊರಗೆ ಬಂದ ಮೇಲೆ ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟ. "ನಿಮ್ಮವ್ವಗ ಎಂದೂ ಗೊತ್ತಾಗಬಾರದು. ಶರಣಿಗೂ ಹೇಳಬ್ಯಾಡ. ನಿನ್ನ ನನ್ನ ನಡುವನೇ ಇರಲಿ, ಹ್ಞಾ?" ಇಡೀ ಮಳೆಗಾಲ ನಾನು ಕಾದದ್ದು ಆ ಕೈಗೆ.

ಶರಣಿ ಮನೆಗೆ ಬಂದ ಮೇಲೂ ಭಯ ಹೋಗಿರಲಿಲ್ಲ. ಉಸಿರು ಜೋರಾದರೆ ತಕ್ಷಣ ಕರೆತನ್ನಿ ಅಂದಿದ್ದರು. ಅವ್ವ ಹಗಲೆಲ್ಲ ಅವಳನ್ನು ನೋಡಿಕೊಂಡು ರಾತ್ರಿ ಕೂತಲ್ಲೇ ತೂಕಡಿಸುತ್ತಿದ್ದಳು. ಅಪ್ಪನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಇರಲಿಲ್ಲ, ಎಂಜಿನ್ನಿನ ಪಕ್ಕದಲ್ಲೇ ಕಳೆದ ಕಿವಿ. ಅದಕ್ಕೆ ನನ್ನನ್ನು ಎಬ್ಬಿಸುತ್ತಿದ್ದ. "ಏಳವ್ವ. ಕೇಳು, ಸೀಟಿ ಬರ್ತದೇನು?" ನಾನು ಶರಣಿಯ ಬೆನ್ನಿಗೆ ಕಿವಿ ಹಚ್ಚುತ್ತಿದ್ದೆ. ಆಮೇಲೆ ಇಬ್ಬರೂ ಗೋಡೆಗೆ ಒರಗಿ ಕೂರುತ್ತಿದ್ದೆವು. ಅಪ್ಪ ಪಿಸುದನಿಯಲ್ಲಿ ಘಾಟಿನ ತಿರುವುಗಳನ್ನು, ಯಾವ ಧಾಬಾದ ಚಹಾ ಒಳ್ಳೆಯದು, ಲೋಣಾವಳಾದ ದಾರಿಯಲ್ಲಿ ಎಲ್ಲಿ ಮಂಜು ಇಳಿಯುತ್ತದೆ ಅನ್ನುವುದನ್ನು ಹೇಳುತ್ತಿದ್ದ. ಶರಣಿಗೆ ಕ್ಯಾಬಿನ್ನಿನಲ್ಲಿ ಹೇಳಿದ್ದು ಇದನ್ನೇ ಇರಬೇಕು. ನಾನು ನಿದ್ದೆ ತಡೆದು ಕೇಳುತ್ತಿದ್ದೆ.

ಈಗ ಅಪ್ಪ ಇಲ್ಲ. ಅವ್ವ ಶರಣಿಯ ಮನೆಯಲ್ಲಿದ್ದಾಳೆ. ಉಪ್ಪುನೀರಿನಿಂದಲೇ ತನ್ನ ಮಗಳು ಉಳಿದಳು ಅಂತ ಇಂದಿಗೂ ಮೊಮ್ಮಕ್ಕಳಿಗೆ ಹೇಳುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ. ಡಾಕ್ಟರು ಅಂದ ಮಾತು ಈಗ ನನ್ನೊಬ್ಬಳದೇ. ಸಾಲಿನ ಖೋಲಿಗಳಿದ್ದಲ್ಲಿ ಎತ್ತರದ ಕಟ್ಟಡಗಳು ಬಂದಿವೆ. ಪೆಟ್ರೋಲ್ ಪಂಪಿನ ಹತ್ತಿರ ಬಂದರೆ ಕಾರಿನ ಗಾಜು ಏರಿಸುತ್ತೇನೆ. ನನ್ನ ಮಗ ಜ್ಯೂಸಿಗೆ ಸ್ಟ್ರಾ ಹಾಕಿ ಕೆನ್ನೆ ಒಳಗೆಳೆದುಕೊಂಡರೆ "ಸಾವಕಾಶ" ಅಂತ ಕಿರುಚಿಬಿಡುತ್ತೇನೆ. ಶರಣಿ ನಗುತ್ತಾಳೆ. ಅವಳಿಗೆ ಆ ದಿನದ್ದು ಹೆಚ್ಚೇನೂ ನೆನಪಿಲ್ಲವಂತೆ, ಕ್ಯಾಬಿನ್ನಿನ ಹಾರ್ನು ಮಾತ್ರ ನೆನಪಿದೆಯಂತೆ.

ಆ ವರ್ಷ ಮಳೆ ನಿಂತು ಬಿಸಿಲು ಬಿದ್ದ ಒಂದು ಬೆಳಿಗ್ಗೆ ನಾನಾಗಿಯೇ ಎಚ್ಚರಾದೆ. ಪತ್ರಾದ ತೂತುಗಳಿಂದ ಬೆಳಕು ಬಂದು ಹಾಸಿಗೆಯ ಮೇಲೆ ಬಿದ್ದಿತ್ತು. ರಾತ್ರಿಯಿಡೀ ಯಾರೂ ಎದ್ದಿರಲಿಲ್ಲ. ಅವ್ವ ಕಾಲು ಚಾಚಿ ಮಲಗಿದ್ದಳು. ಶರಣಿ ಬಾಯಿ ತೆರೆದು, ಸದ್ದಿಲ್ಲದೆ, ಎಲ್ಲ ಮಕ್ಕಳ ಹಾಗೆ ಉಸಿರಾಡುತ್ತಿದ್ದಳು. ಕಿವಿ ಹಚ್ಚಿ ಕೇಳಿದೆ. ಸೀಟಿ ಇರಲಿಲ್ಲ. ಅಪ್ಪನ ಹಾಸಿಗೆ ಸುತ್ತಿಟ್ಟಿತ್ತು. ಹೊರಗೆ ಬಂದು ನೋಡಿದೆ, ಟ್ರಕ್ಕಿಲ್ಲ, ಚಕ್ರದ ಗುರುತು ಹಸಿ ಮಣ್ಣಿನಲ್ಲಿತ್ತು. ಶರಣಿಯ ಉಸಿರು ಕೇಳಲು ಇನ್ನು ನನ್ನನ್ನು ಎಬ್ಬಿಸಬೇಕಾಗಿರಲಿಲ್ಲ, ಅಪ್ಪ ಎಬ್ಬಿಸದೆ ಹೋಗಿದ್ದ.