ಲಾಳಿಯನ್ನು ಪೆನ್ನು ಮಾಡಿದವನು

ಸೇಲಂನ ಅಮ್ಮಾಪೇಟೆಯಲ್ಲಿ ಸತ್ಯಾಳ ಮನೆಯ ಮುಂದಿನ ಕೋಣೆಯಲ್ಲಿ ಮೊದಲು ಮಗ್ಗವಿತ್ತು. ಅಪ್ಪ ರಾಮು ತೀರಿಕೊಂಡ ಮೇಲೆ ನೇಯುವವರಿಲ್ಲದೆ ಮಗ್ಗವನ್ನು ಬಿಚ್ಚಿ ಮಾರಿದರು. ನೇಯುವಾಗ ಕಾಲಿಳಿಬಿಟ್ಟು ಕೂರುತ್ತಿದ್ದ ಗುಂಡಿಗೆ ಮಣ್ಣು ತುಂಬಿ ಸಿಮೆಂಟು ಬಳಿದರು. ಆ ನೆಲದ ಮೇಲೆ ಮೂರು ಮೇಜು, ಮೂರು ಹಳೆಯ ಕಂಪ್ಯೂಟರು ಇಟ್ಟುಕೊಂಡು ಶುರುವಾದದ್ದೇ ‘ಸುಳಿ ಗೇಮ್ಸ್’.

ಸತ್ಯಾ ಚಿತ್ರ ಬರೆಯುವವಳು. ಸೀರೆಯ ಅಂಚಿನ ಡಿಸೈನುಗಳನ್ನು ಕಂಪ್ಯೂಟರಿನಲ್ಲಿ ಬರೆದು ಕೊಡುವ ಕೆಲಸದಿಂದ ಕೈ ಪಳಗಿತ್ತು. ಅವಳ ಸ್ವಭಾವ ಬೀದಿಗೆಲ್ಲ ಗೊತ್ತಿತ್ತು. ಆರನೇ ಕ್ಲಾಸಿನಲ್ಲಿ ಪೂಂಗೊಡಿ ಎನ್ನುವ ಹುಡುಗಿ ಇವಳ ಚಿತ್ರವನ್ನು ಹರಿದು ಹಾಕಿದ್ದಳು. ಸತ್ಯಾ ಅಳಲಿಲ್ಲ, ಟೀಚರಿಗೂ ಹೇಳಲಿಲ್ಲ. ಆ ವರ್ಷ ಪೂರ್ತಿ ಶಾಲೆಯ ಹಿಂಗೋಡೆಯ ಮೇಲೆ ಪೂಂಗೊಡಿಯ ಮೂಗನ್ನು ಬರೆದಳು. ಅಳಿಸಿದಷ್ಟೂ ಮತ್ತೆ ಬರೆದಳು, ಪ್ರತಿ ಸಲ ಇನ್ನಷ್ಟು ದೊಡ್ಡದಾಗಿ. ಕೊನೆಗೆ ಪೂಂಗೊಡಿ ಬೇರೆ ಶಾಲೆಗೆ ಸೇರಿಕೊಂಡಳು.

ಸ್ಟುಡಿಯೋದಲ್ಲಿ ಅವಳ ಜೊತೆ ಇಬ್ಬರಿದ್ದರು. ನಂಗವಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ತಮಿಳ್‌ಸೆಲ್ವನ್ ಆಟಕ್ಕೆ ಕೋಡ್ ಬರೆಯುತ್ತಿದ್ದ. ಮಾತು ಕಡಿಮೆ, ಸತ್ಯಾಳಿಗಿಂತ ಚಿಕ್ಕವನು, ಅವಳನ್ನು ಅಕ್ಕಾ ಎನ್ನುತ್ತಿದ್ದ. ಇನ್ನೊಬ್ಬ ಕೃಷ್ಣಪ್ರಸಾದ್. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ ಪುರಂದರ ಅವರ ಮಗ. ಅವನಿಗೆ ಚಿತ್ರವೂ ಬಾರದು, ಕೋಡೂ ಬಾರದು. ಆದರೆ ಮಾತು ಬರುತ್ತಿತ್ತು. ಇಂಗ್ಲಿಷಿನಲ್ಲಿ ಯಾರ ಹತ್ತಿರ ಬೇಕಾದರೂ ಮಾತಾಡುತ್ತಿದ್ದ. ಆಟವನ್ನು ಮಾರುಕಟ್ಟೆಗೆ ಬಿಡುವ ಅಕೌಂಟನ್ನು ಅವನ ಹೆಸರಿನಲ್ಲೇ ತೆರೆದದ್ದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಕೆಲಸ ಹೆಚ್ಚಿದ್ದ ದಿನ ಅವನ ತಾಯಿ ವೆಂಕೂಬಾಯಿ ಮೂವರಿಗೂ ಆಗುವಷ್ಟು ಹುಳಿಯನ್ನ ಕಟ್ಟಿ ಕಳಿಸುತ್ತಿದ್ದರು.

ಅವರ ಆಟದ ಹೆಸರು ‘ಪರಿಸಲ್’. ಹೊಗೆನಕಲ್ಲಿನ ತೆಪ್ಪಕ್ಕೆ ಅಲ್ಲಿಯವರು ಪರಿಸಲ್ ಎನ್ನುತ್ತಾರೆ. ಆಡುವವರು ತೆಪ್ಪವನ್ನು ಬಂಡೆಗಳ ನಡುವೆ ಸುಳಿ ತಪ್ಪಿಸಿ ಸಾಗಿಸಬೇಕು. ಅದು ಹುಟ್ಟಿದ್ದು ಸತ್ಯಾಳ ಅಪ್ಪನಿಂದ. ಮಗ್ಗ ಬಿಟ್ಟು ಎಲ್ಲಿಗೂ ಹೋಗದ ರಾಮು ಒಂದು ಸಲ ಮಗಳನ್ನು ಹೊಗೆನಕಲ್ಲಿಗೆ ಕರೆದುಕೊಂಡು ಹೋಗಿದ್ದ. ತೆಪ್ಪದವನು ನಡುನೀರಿನಲ್ಲಿ ಹುಟ್ಟನ್ನು ಇವನ ಕೈಗೆ ಕೊಟ್ಟ. ರಾಮು ಎಷ್ಟು ತೊಳಸಿದರೂ ತೆಪ್ಪ ಮುಂದೆ ಹೋಗಲಿಲ್ಲ, ನಿಂತಲ್ಲೇ ಗಿರಗಿರನೆ ಸುತ್ತಿತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಲೇ ಮಗಾ, ಮಗ್ಗದ್ ಲಾಳಿ ನಾ ಯೇಳ್ದಂಗೆ ಓಯ್ತದೆ, ಇದು ನನ್ ಮಾತೇ ಕೇಳಾಕಿಲ್ವಲ್ಲಾ!” ಎಂದಿದ್ದ. ಅಪ್ಪ ಹಾಗೆ ಬಾಯಿ ತುಂಬ ನಕ್ಕದ್ದನ್ನು ಸತ್ಯಾ ಕಂಡದ್ದು ಅದೊಂದೇ ಸಲ. ಈ ಕಥೆಯನ್ನು ಅವಳು ಊಟದ ಹೊತ್ತಿನಲ್ಲಿ ಜೊತೆಯವರಿಬ್ಬರಿಗೂ ಹೇಳಿದ್ದಳು.

ಆಟ ಹೊರಬಂದು ಒಂದಿಷ್ಟು ಹೆಸರು ಮಾಡುತ್ತಲೇ ಕೃಷ್ಣಪ್ರಸಾದ್ ಸ್ಟುಡಿಯೋಗೆ ಬರುವುದನ್ನು ಕಡಿಮೆ ಮಾಡಿದ. ಆಮೇಲೆ ನಿಲ್ಲಿಸಿಯೇ ಬಿಟ್ಟ. ಒಂದು ದಿನ ತಮಿಳ್‌ಸೆಲ್ವನ್ ಮುಖ ಕಪ್ಪಿಟ್ಟುಕೊಂಡು ಬಂದು ಫೋನನ್ನು ಸತ್ಯಾಳ ಮುಂದೆ ಹಿಡಿದ. ‘ಪರಿಸಲ್’ ಚೆನ್ನೈನ ಒಂದು ಕಂಪನಿಗೆ ಮಾರಾಟವಾಗಿತ್ತು. ಮೊದಲ ಪುಟದಲ್ಲಿದ್ದ ಮೂರು ಹೆಸರುಗಳಲ್ಲಿ ಒಂದೇ ಉಳಿದಿತ್ತು. ಕಥೆ, ಚಿತ್ರ, ನಿರ್ಮಾಣ ಎಲ್ಲಕ್ಕೂ ಕೃಷ್ಣಪ್ರಸಾದ್.

“ಇದು ಮಾತ್ರ ಅಲ್ಲ ಅಕ್ಕಾ. ವೀಡಿಯೋ ಒಂದೈತೆ. ನೋಡಿ ಕೋಪ ಮಾಡ್ಕೋಬ್ಯಾಡ” ಎಂದ.

ಸೇಲಂನದೇ ಒಂದು ಕಾಲೇಜಿನ ಸಮಾರಂಭ. ಕೃಷ್ಣಪ್ರಸಾದ್ ಶಾಲು ಹೊದ್ದು ಮೈಕಿನ ಮುಂದೆ ನಿಂತು ತಮಿಳಿನಲ್ಲಿ ಮಾತಾಡುತ್ತಿದ್ದ. ಚಿಕ್ಕವನಿದ್ದಾಗ ತಾತ ತನ್ನನ್ನು ಹೊಗೆನಕಲ್ಲಿಗೆ ಕರೆದುಕೊಂಡು ಹೋಗಿದ್ದರಂತೆ. ಹುಟ್ಟು ಹಿಡಿದರಂತೆ. ತೆಪ್ಪ ಸುತ್ತಿತಂತೆ. “ಎಂಗ ತಾತ್ತಾ ಸೊನ್ನಾರು”, ನಮ್ಮ ತಾತ ಹೇಳಿದರು, ಎಂದು ಒಂದು ಗಳಿಗೆ ನಿಲ್ಲಿಸಿ, ಕೂದಲನ್ನು ಅಂಗೈಯಿಂದ ಹಿಂದಕ್ಕೆ ಒತ್ತಿಕೊಂಡು, ‘ಪೆನ್ನು ನಾನು ಹೇಳಿದ ಹಾಗೆ ಹೋಗುತ್ತೆ, ಈ ಪರಿಸಲ್ ನನ್ನ ಮಾತೇ ಕೇಳುತ್ತಿಲ್ಲ’ ಎಂದ. ಸಭೆ ಚಪ್ಪಾಳೆ ತಟ್ಟಿತು.

ಒಳಗೆ ಅಕ್ಕಿ ಆರಿಸುತ್ತಿದ್ದ ಕುಪ್ಪಮ್ಮ, ಸತ್ಯಾಳ ತಾಯಿ, ಮೊರ ಹಿಡಿದುಕೊಂಡೇ ಎದ್ದು ಬಂದಳು. “ಅದು ನಿಮ್ಮಪ್ಪ ಯೇಳಿದ್ ಮಾತಲ್ವಾ?”

“ಊಂ ಕಣವ್ವಾ.”

“ಲಾಳೀನ ಪೆನ್ ಮಾಡವ್ನಲ್ಲೇ ಬಡ್ಡಿಮಗ!”

ಸತ್ಯಾ ಕೃಷ್ಣಪ್ರಸಾದನಿಗೆ ಫೋನು ಮಾಡಿದಳು. ಅವನು ನಗುತ್ತಲೇ ಮಾತಾಡಿದ. “ಸ್ಟೇಜ್ ಮೇಲೆ ನಿಂತಾಗ ಏನಾದ್ರೂ ಹೇಳ್ಬೇಕಲ್ಲ ಸತ್ಯಾ. ಮಗ್ಗ, ಲಾಳಿ ಅಂದ್ರೆ ಆ ಹುಡುಗರಿಗೆ ಏನು ಗೊತ್ತಾಗತ್ತೆ? ನಿಮ್ಮ ಹೆಸರೆಲ್ಲ ಮುಂದಿನ ಅಪ್‌ಡೇಟ್‌ನಲ್ಲಿ ಹಾಕಿಸ್ತೀನಿ, ಟೆನ್ಶನ್ ಬೇಡ.” ಆಮೇಲೆ ಅವಳ ಫೋನನ್ನು ಅವನು ಎತ್ತಲೇ ಇಲ್ಲ.

“ಪೋಗಟ್ಟುಂ ಅಕ್ಕಾ, ವಿಡು. ಓಗ್ಲಿ ಬುಡು” ಎಂದ ತಮಿಳ್‌ಸೆಲ್ವನ್. “ಇನ್ನೊಂದ್ ಗೇಮ್ ಮಾಡಾಣ.”

“ಮಾಡಾಣ. ಅವನ್ದೇ ಮಾಡಾಣ” ಎಂದಳು ಸತ್ಯಾ.

ಚಿತ್ರವನ್ನು ಅವಳು ಒಂದೇ ಪಟ್ಟಿಗೆ ಕೂತು ಬರೆದಳು. ಅಂಗೈಯಿಂದ ಕೂದಲು ಒತ್ತಿಕೊಳ್ಳುವ, ಎದೆಗೆ ಬ್ಯಾಗು ಅವುಚಿಕೊಂಡು ಮುಂದಕ್ಕೆ ಬಾಗಿ ನಡೆಯುವ, ಒಂದು ಕೆನ್ನೆಯಲ್ಲಿ ಮಾತ್ರ ನಗುವ ಒಬ್ಬ ಗಂಡಸು. ಹೆಸರು ‘ಐಡಿಯಾ ಅಣ್ಣ’. ಬೀದಿಯಲ್ಲಿ ನಡೆಯುತ್ತ ಅವನು ಕಂಡವರ ಕೈಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಳ್ಳುತ್ತಾನೆ. ಮಗುವಿನ ಇಡ್ಲಿ, ಹೂ ಮಾರುವವಳ ಮೊಳ ಹೂವು, ಕ್ಷೌರದವನ ಬಾಚಣಿಗೆ. ಕಿತ್ತಾಗಲೆಲ್ಲ “ಎಂಗ ತಾತ್ತಾ ಸೊನ್ನಾರು!” ಎನ್ನುತ್ತಾನೆ. ಆಡುವವರು ಲಾಳಿ ಬೀಸಿ ಹೊಡೆಯಬೇಕು. ಪೆಟ್ಟು ಬಿದ್ದರೆ ನಿಂತಲ್ಲೇ ಗಿರಗಿರನೆ ಸುತ್ತಿ ಬೀಳುತ್ತಾನೆ. ದನಿಯನ್ನು ಯಾರಿಂದಲೂ ಆಡಿಸಲಿಲ್ಲ. ಆ ಸಮಾರಂಭದ ವೀಡಿಯೋದಿಂದಲೇ ಕತ್ತರಿಸಿ ತೆಗೆದಳು.

ತಮಿಳ್‌ಸೆಲ್ವನ್‌ಗೂ ಮೊದಮೊದಲು ಖುಷಿಯೇ. ಬೀಳುವಾಗ ಚಪ್ಪಲಿ ಒಂದು ಕಡೆ ಹಾರುವ ಹಾಗೆ ಮಾಡಿದ್ದು ಅವನೇ. ಮೊದಲು ಆಡಿದವಳು ಕುಪ್ಪಮ್ಮ. ತನ್ನ ಫೋನನ್ನು ಮಡಿಲಲ್ಲಿಟ್ಟುಕೊಂಡು ಹಲ್ಲು ಕಚ್ಚಿ ಹೊಡೆದಳು. “ಏಳಾಕಿಲ್ವಾ? ಏಳು, ಇನ್ನೊಂದ್ ತಗೋ” ಎನ್ನುತ್ತ ಒಲೆಯ ಮೇಲಿದ್ದ ಸಾರನ್ನು ಸೀಯಿಸಿಬಿಟ್ಟಳು.

ಆಟ ಪುಕ್ಕಟೆ ಸಿಗುತ್ತಿತ್ತು, ಚಿಕ್ಕದು, ಹಳೆಯ ಫೋನಿನಲ್ಲೂ ಓಡುತ್ತಿತ್ತು. ಮೊದಲು ಅಮ್ಮಾಪೇಟೆಯ ಮಕ್ಕಳು ಆಡಿದರು, ಆಮೇಲೆ ಶಾಲೆಗಳಿಗೆ ಹಬ್ಬಿತು, ಆಮೇಲೆ ಮೆಟ್ಟೂರು, ಧರ್ಮಪುರಿ ದಾಟಿತು. ಟೀ ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನ ತಟ್ಟೆಯಿಂದ ವಡೆ ಎತ್ತಿಕೊಂಡರೆ “ಎಂಗ ತಾತ್ತಾ ಸೊನ್ನಾರು” ಎನ್ನುವುದು ವಾಡಿಕೆಯಾಯಿತು. ಷೇರ್ ಆಟೋ ಒಂದರ ಬೆನ್ನ ಮೇಲೂ ಅದನ್ನು ಬರೆಸಿದ್ದರು. ಬಸ್ಸಿನಲ್ಲಿ ಬರುವಾಗ ಆ ಆಟೋ ಕಂಡು ಸತ್ಯಾ, ಮುಂದಿನ ಸ್ಟಾಪಿನಲ್ಲಿ ಇಳಿದು, ಹಿಂದಕ್ಕೆ ನಡೆದು ಬಂದು ಅದರ ಫೋಟೋ ತೆಗೆದುಕೊಂಡಳು. ಯಾರೋ ಆ ಸಮಾರಂಭದ ವೀಡಿಯೋವನ್ನೂ ಆಟವನ್ನೂ ಜೋಡಿಸಿ ಹರಿಯಬಿಟ್ಟರು. ಐಡಿಯಾ ಅಣ್ಣ ಯಾರೆಂಬುದು ಊರಿಗೆಲ್ಲ ತಿಳಿಯಿತು.

ಒಂದು ಮಧ್ಯಾಹ್ನ ಕೃಷ್ಣಪ್ರಸಾದ್ ಸ್ಟುಡಿಯೋಗೆ ನುಗ್ಗಿದ. ಗಡ್ಡ ಬೆಳೆದಿತ್ತು. “ಅದನ್ನ ತೆಗಿ ಸತ್ಯಾ.”

“ಯಾವ್ದನ್ನ?”

“ನಾಟಕ ಆಡ್ಬೇಡ. ನಾನು ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ.”

“ಕೊಡು. ಟೇಸನ್ನಲ್ಲಿ ‘ಐಡಿಯಾ ಅಣ್ಣ ನಾನೇ’ ಅಂತ ಬರ್ದು ಸೈನ್ ಆಕು. ನಾನೇ ಪೆನ್ ಕೊಡ್ತೀನಿ, ನೀ ಯೇಳ್ದಂಗೆ ಓಯ್ತದಲ್ಲ ಅದು.”

ಅವನು ದನಿ ತಗ್ಗಿಸಿ, “ಏನು ಬೇಕು ನಿನಗೆ?” ಎಂದ.

“ಅದೇ ಕಾಲೇಜು, ಅದೇ ಮೈಕು. ಆ ಕಥೆ ನಮ್ಮಪ್ಪಂದು ಅಂತ ಯೇಳ್ಬೇಕು. ಲಾಳಿ ಅಂತ್ಲೇ ಯೇಳ್ಬೇಕು. ಆಮ್ಯಾಕೆ ತೆಗೀತೀನಿ.”

“ಆಗಲ್ಲ” ಎಂದು ಅವನು ಹೊರಟುಹೋದ.

ಕೆಲವು ದಿನ ಕಳೆದು ವೆಂಕೂಬಾಯಿ ಒಬ್ಬರೇ ಆಟೋದಲ್ಲಿ ಬಂದಿಳಿದರು. ಸತ್ಯಾ ಕುರ್ಚಿ ಹಾಕಿದಳು, ನೀರು ಕೊಟ್ಟಳು. ಕುಪ್ಪಮ್ಮ ಬಾಗಿಲಿಗೆ ಒರಗಿ ನಿಂತಳು.

“ಅವನು ಹೊರಗೆ ಹೋಗ್ತಾ ಇಲ್ಲಮ್ಮಾ. ತರಕಾರಿ ತರೋಕೆ ಹೋದ್ರೂ ಮಕ್ಕಳು ಹಿಂದೆ ಬೀಳ್ತಾವೆ. ಎಷ್ಟು ಸಲ ನಿನಗೆ ಅನ್ನ ಕಟ್ಟಿ ಕಳಿಸಿದ್ದೀನಿ, ಇಷ್ಟು ದ್ವೇಷ ಯಾಕೆ ನಿನಗೆ?” ಎಂದರು ವೆಂಕೂಬಾಯಿ.

ಸತ್ಯಾ ವೀಡಿಯೋ ಹಾಕಿ ಫೋನನ್ನು ಅವರ ಕೈಗೆ ಕೊಟ್ಟಳು. ಊರೆಲ್ಲ ನೋಡಿದ್ದನ್ನು ಆ ತಾಯಿ ಪೂರ್ತಿಯಾಗಿ ನೋಡಿರಲಿಲ್ಲ. ಕೊನೆಯವರೆಗೂ ಕೇಳಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

“ನಮ್ಮ ಮಾವನವರು ಹೊಗೆನಕಲ್ ನೋಡೇ ಇಲ್ಲ. ನೀರು ಅಂದ್ರೆ ಅವರಿಗೆ ಪ್ರಾಣಭಯ. ಇದು ಯಾರ ಮಾತು?”

“ನನ್ ಗಂಡಂದು ಕಣಮ್ಮಾ” ಎಂದಳು ಕುಪ್ಪಮ್ಮ. “ಓದ್ದೋರು, ನಿಮ್ಮನೇಲಿ ಮಾತಿಗ್ ಏನ್ ಬರವಾ? ನಂಗೆ ಅವ್ರು ಬುಟ್ಟೋದದ್ದು ಆ ನಗು ಒಂದೇಯಾ.”

ವೆಂಕೂಬಾಯಿ ನೀರಿನ ಲೋಟವನ್ನು ಮುಟ್ಟದೆ ಎದ್ದು ಹೋದರು. ಮನೆಯಲ್ಲಿ ಮಗನಿಗೆ ಏನು ಹೇಳಿದರೋ ಯಾರಿಗೂ ತಿಳಿಯದು. ಮಾರ್ಗಶಿರದ ಚಳಿ ಇನ್ನೂ ಇರುವಾಗಲೇ, ಕೃಷ್ಣಪ್ರಸಾದ್ ಅದೇ ಕಾಲೇಜಿನಲ್ಲಿ ಮಾತಾಡುತ್ತಾನೆ ಎಂದು ತಮಿಳ್‌ಸೆಲ್ವನ್ ಸುದ್ದಿ ತಂದ.

ಕುಪ್ಪಮ್ಮ ಗಂಡ ನೇಯ್ದ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಳು, ಪಕ್ಕದಲ್ಲಿ ಸತ್ಯಾ. ಕೃಷ್ಣಪ್ರಸಾದ್ ಈ ಸಲ ಶಾಲಿಲ್ಲದೆ, ಒಂದು ಚೀಟಿ ಹಿಡಿದು ಬಂದ. ಆ ಕಥೆ ತನ್ನದಲ್ಲ, ಅಮ್ಮಾಪೇಟೆಯ ನೇಕಾರ ರಾಮು ಅವರದು, ಅವರು ಹೇಳಿದ್ದು ಪೆನ್ನಲ್ಲ, ಲಾಳಿ ಎಂದು ತಲೆ ಎತ್ತದೆ ಓದಿದ.

“ಕೇಕ್ಕಲೆ!” ಎಂದು ಸತ್ಯಾ ಕೂತಲ್ಲಿಂದಲೇ ಕೂಗಿದಳು, ಕೇಳಿಸಲಿಲ್ಲ ಎಂದು. ಹಿಂದಿನ ಸಾಲುಗಳಲ್ಲಿ ಹುಡುಗರು ನಕ್ಕರು. ಅವನು ಮತ್ತೆ ಓದಿದ. ಅವಳು ಮತ್ತೆ “ಕೇಕ್ಕಲೆ” ಎಂದಳು. ಮೂರನೆಯ ಸಲ ಅವನು ಚೀಟಿಯನ್ನು ಮುಖಕ್ಕೆ ಅಡ್ಡ ಹಿಡಿದು ಓದಿದ. ಕುಪ್ಪಮ್ಮ ಮಗಳ ತೊಡೆಯ ಮೇಲೆ ಕೈಯಿಟ್ಟು, “ಸಾಕು ಬುಡು, ಕೇಳುಸ್ತು” ಎಂದಳು. ಸತ್ಯಾಳಿಗೆ ಸಾಕಾಗಿರಲಿಲ್ಲ. ಅದನ್ನು ಕೇಳಿದರೆ ಎದೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು. ಆದರೆ ಕೇಳಿದಷ್ಟೂ ಇನ್ನೊಂದು ಸಲ ಕೇಳಬೇಕು ಎನ್ನಿಸುತ್ತಿತ್ತು.

ಹೊರಗೆ ಬೇವಿನ ಮರದಡಿ ಅವನು ಕಾದಿದ್ದ. “ಹೇಳಿದ್ದೀನಲ್ಲ. ಇವತ್ತು ತೆಗೀತೀಯಾ?”

“ಪೊಂಗಲ್ ರಜ ಮುಗೀಲಿ” ಎಂದಳು.

ರಜೆಯಲ್ಲಿ ಮಕ್ಕಳ ಕೈಯಲ್ಲಿ ಫೋನು ಹೆಚ್ಚು ಎಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅವನು ನಡೆದುಹೋದ. ಪಕ್ಕದಲ್ಲಿದ್ದ ತಮಿಳ್‌ಸೆಲ್ವನ್ ಮಾತ್ರ ಅವಳನ್ನೇ ನೋಡುತ್ತಿದ್ದ.

“ಮಾತು ಕೊಟ್ಟಿದ್ದೆ ಅಕ್ಕಾ ನೀನು.”

“ನಾ ತೆಗಿಯಾಕಿಲ್ಲ ಅಂದ್ನಾ? ರಜ ಮುಗೀಲಿ ಅಂದೆ.”

“ನಾನೂ ಆಟದಾಗೆ ಅವನ್ನ ಒಡ್ದಿದೀನಿ, ನಕ್ಕೂ ಇದೀನಿ. ಆದ್ರೆ ಮುಗೀತಲ್ಲಾ. ಇನ್ನೂ ಒಡೀತಿದ್ರೆ ಅದು ನಿಮ್ಮಪ್ಪಂಗೋಸ್ಕರ ಅಲ್ಲ, ನಿಂಗೇ.”

“ನಂಗೇ ಅಂತಿಟ್ಕೋ” ಎಂದಳು ಸತ್ಯಾ.

ಮರುದಿನ ಅವನು ಬಂದು ತನ್ನ ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡ. ಕುಪ್ಪಮ್ಮ ಕೊಟ್ಟ ಕಾಫಿ ಕುಡಿದು, “ಬರ್ತೀನಿ ಅಕ್ಕಾ” ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ಸತ್ಯಾ ತಡೆಯಲಿಲ್ಲ. ಪೊಂಗಲ್ ಮುಗಿದ ಮೇಲೆ ಹೇಳಿದ ಹಾಗೆ ಆಟವನ್ನು ತೆಗೆದಳು. ಅಷ್ಟರಲ್ಲಿ ಅದು ಯಾರ್ಯಾರದೋ ಫೋನಿಗೆ ಇಳಿದಾಗಿತ್ತು, ಹಿಂದಕ್ಕೆ ಕರೆಯುವ ಹಾಗಿರಲಿಲ್ಲ. ಚೆನ್ನೈನ ಕಂಪನಿ ಜಗಳ ಬೇಡವೆಂದು ‘ಪರಿಸಲ್’ ಅನ್ನೇ ಮಾರುಕಟ್ಟೆಯಿಂದ ತೆಗೆದುಹಾಕಿತು. ಕೃಷ್ಣಪ್ರಸಾದ್ ಧರ್ಮಪುರಿಯಲ್ಲಿ ಸೋದರಮಾವನ ಟ್ಯೂಷನ್ ಸೆಂಟರಿಗೆ ಸೇರಿಕೊಂಡ. ಅಲ್ಲಿಯ ಮಕ್ಕಳೂ ಅವನನ್ನು ಗುರುತು ಹಿಡಿದರು ಎಂದು ಕೇಳಿ ಸತ್ಯಾ ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡಳು.

ಈಗ ಸ್ಟುಡಿಯೋದಲ್ಲಿ ಅವಳ ಜೊತೆ ಕಲೈವಾಣಿ ಎಂಬ ಹುಡುಗಿ ಕೋಡ್ ಬರೆಯುತ್ತಾಳೆ. ಕೆಲಸ ಚುರುಕು, ಆದರೆ ತಮಿಳ್‌ಸೆಲ್ವನ್‌ನಂತೆ ಸತ್ಯಾಳ ಅರ್ಧ ಮಾತಿಗೆ ಪೂರ್ತಿ ಅರ್ಥ ಹಿಡಿಯುವವಳಲ್ಲ. ಕೆಲವೊಮ್ಮೆ ಸತ್ಯಾ ಏನನ್ನೋ ಹೇಳಲು ತಿರುಗಿ ಅವನಿದ್ದ ಮೇಜನ್ನು ನೋಡಿ ಸುಮ್ಮನಾಗುತ್ತಾಳೆ. ಪಾಲಮಲೆ ಬೆಟ್ಟದ ರಾಗಿ ಹೊಲಗಳಿಗೆ ನುಗ್ಗುವ ಹಂದಿಗಳ ಮೇಲೆ ಒಂದು ಆಟ ಮಾಡುತ್ತಿದ್ದಾರೆ. ಅರ್ಧವಾಗಿದೆ.

ಕಳೆದ ಚಿತ್ತಿರೈ ತಿಂಗಳಲ್ಲಿ ನಂಗವಳ್ಳಿಯಲ್ಲಿ ತಮಿಳ್‌ಸೆಲ್ವನ್‌ನ ಮದುವೆಯಾಯಿತು. ಅವನು ಫೋನು ಮಾಡಿ ಕರೆದಿದ್ದ. ಸತ್ಯಾ ತಾಯಿಯ ಜೊತೆ ಹೋದಳು. ಊಟದ ಪಂಕ್ತಿಯಲ್ಲಿ ಕೃಷ್ಣಪ್ರಸಾದ್ ಕೂತಿದ್ದ. ಅವನನ್ನೂ ಕರೆದಿದ್ದರು. ಇವಳು ಒಳಗೆ ಬಂದದ್ದನ್ನು ಕಂಡು, ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದ. ಮದುಮಗ ಹೂವಿನ ಹಾರದಲ್ಲೇ ಅತಿಥಿಗಳನ್ನು ವಿಚಾರಿಸುತ್ತ ಅಲ್ಲಿಗೆ ಬಂದಿದ್ದ. ಅವನು ಆ ಎಲೆಯನ್ನೂ ನೋಡಿದ, ಸತ್ಯಾಳನ್ನೂ ನೋಡಿದ. ಆಳೊಬ್ಬನನ್ನು ಕರೆದು ಎಲೆ ತೆಗೆಸಿ, ಅದೇ ಜಾಗದಲ್ಲಿ ಅವಳಿಗೆ ಹೊಸ ಎಲೆ ಹಾಕಿಸಿದ.

“ಅಕ್ಕಾ, ಕೂತ್ಕೋ. ಊಟ ಮಾಡು” ಎಂದ.

ಸತ್ಯಾ ಕೂತಳು. ಅವಳು ನಿಧಾನವಾಗಿ, ಏನನ್ನೂ ಬಿಡದೆ ಉಂಡಳು. ಪಾಯಸವನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು.