ಐದನೇ ನಂಬರಿನ ಮನೆ

ಈಗ ನಮ್ಮ ಮನೆಯಲ್ಲಿ ಯಾವ ಪಾತ್ರೆ ಮುಟ್ಟಿದರೂ ಸಿಮೆಂಟಿನ ಧೂಳು. ಪಕ್ಕದ ಐದನೇ ನಂಬರಿನ ಮನೆಯನ್ನು ಕೆಡವುತ್ತಿದ್ದಾರೆ. ಕೊಂಡವರು ಮೂರು ಅಂತಸ್ತು ಕಟ್ಟುತ್ತಾರಂತೆ. ಮೊನ್ನೆ ಗೋಡೆಗೆ ಮೊದಲ ಸುತ್ತಿಗೆ ಬಿದ್ದಾಗ ನನಗೆ ನೆನಪಾದವರು ಅಲ್ಲಿದ್ದ ಸಾವಿತ್ರಕ್ಕ.

ತುಮಕೂರಿನ ಈ ಸಾಲಿನ ಆರು ಮನೆಗಳೂ ನಾನು ಚಿಕ್ಕವಳಿದ್ದಾಗ ಸರ್ಕಾರದವು, ನಾವೆಲ್ಲ ಬಾಡಿಗೆದಾರರು. ಸೂರು ಸೋರಿದರೆ ಒಟ್ಟಿಗೆ ಅರ್ಜಿ ಬರೆಯುತ್ತಿದ್ದೆವು, ರಿಪೇರಿಯಾಗದಿದ್ದರೆ ಒಟ್ಟಿಗೆ ಬೈಯುತ್ತಿದ್ದೆವು. ಬೈಯಲು ಎಲ್ಲರಿಗೂ ಒಬ್ಬನೇ ಮಾಲೀಕನಿದ್ದರೆ ನೆರೆಹೊರೆ ಎಷ್ಟು ಚೆನ್ನಾಗಿರುತ್ತದೆ ಎಂಬುದು ನಿಮಗೂ ಗೊತ್ತಿರಬಹುದು.

ಸಾವಿತ್ರಕ್ಕ ಬ್ಲೌಸ್ ಹೊಲಿದು ಮಗಳನ್ನು ಸಾಕುತ್ತಿದ್ದರು. ಗಂಡ ತೀರಿಹೋಗಿದ್ದರು. ಮನೆ ಮಂಜೂರಾಗಿದ್ದದ್ದು ಗಂಡನ ಅಣ್ಣನ ಹೆಸರಿಗೆ. ಆತ ಕುಣಿಗಲ್ಲಿನಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋಗಿ ಎಷ್ಟೋ ವರ್ಷವಾಗಿತ್ತು. ಬಾಡಿಗೆ ಕಟ್ಟುತ್ತಿದ್ದವರು ಸಾವಿತ್ರಕ್ಕ, ರಸೀತಿ ಮಾತ್ರ ಭಾವನ ಹೆಸರಿಗೆ. ಅದೊಂದು ವಿಷಯವೆಂದು ಯಾರಿಗೂ ಅನಿಸಿರಲಿಲ್ಲ.

ಆಮೇಲೆ, ಮನೆಗಳನ್ನು ವಾಸವಿರುವ ಬಾಡಿಗೆದಾರರಿಗೇ ಮಾರುತ್ತಾರೆಂಬ ಸುದ್ದಿ ಬಂತು. ಪಿಯುಸಿಯಲ್ಲಿದ್ದ ನಾನು, ಮನೆ ನಮ್ಮದಾದರೆ ಬಾಗಿಲಿಗೆ ನೀಲಿ ಬಣ್ಣವೇ ಆಗಬೇಕೆಂದು ಎರಡು ದಿನ ಮುನಿಸಿಕೊಂಡಿದ್ದೆ.

ವಾಸವಿರುವವರ ಪರಿಶೀಲನೆಯ ದಿನ ಬೆಳಿಗ್ಗೆ ಭಾವ ಕುಣಿಗಲ್ಲಿನಿಂದ ಬಂದು ಐದನೇ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಅಪ್ಪನನ್ನು ಕರೆದು, "ಒಂದ್ಮನೆ ತಕರಾರಾದ್ರೆ ಇಡೀ ಸಾಲಿನ ಫೈಲೇ ನಿಲ್ತದೆ, ನೋಡ್ಕೊಳಿ" ಎಂದ.

ಅಧಿಕಾರಿ ಬಂದಾಗ ಸಾವಿತ್ರಕ್ಕ, "ಸಾರ್, ಹದಿನಾಲ್ಕು ವರ್ಷದಿಂದ ಇಲ್ಲಿರೋಳು ನಾನು. ಬೇಕಾದ್ರೆ ಪಕ್ಕದ್ಮನೆ ಅಣ್ಣನ್ನ ಕೇಳಿ" ಎಂದರು.

ಅಧಿಕಾರಿ ಅಪ್ಪನ ಕಡೆ ತಿರುಗಿದರು. ಅವರ ಕಂಕುಳಲ್ಲಿದ್ದ ಫೈಲುಗಳಲ್ಲಿ ನಮ್ಮದೂ ಇತ್ತು.

"ಮನೆ ಇವ್ರ ಹೆಸ್ರಲ್ಲೇ ಇರೋದು ಸಾರ್" ಎಂದರು ಅಪ್ಪ, ಭಾವನನ್ನು ತೋರಿಸಿ.

"ಅದು ನಂಗೊತ್ತು. ವಾಸ ಇರೋರು ಯಾರು?"

"ಇವ್ರೂ... ಇರ್ತಾರೆ ಸಾರ್."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಅವಳತ್ತ ನೋಡಿದರು. ಅವಳು ಒಳಗೆ ಹೋದಳು. ನಾನೂ ಅಲ್ಲೇ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ.

ಮನೆ ಭಾವನಿಗಾಯಿತು. ಎರಡೇ ತಿಂಗಳಲ್ಲಿ ಖಾಲಿ ಮಾಡಿಸಿ ಮಾರಿಬಿಟ್ಟ. ಸಾವಿತ್ರಕ್ಕ ಮಗಳನ್ನು ಕರೆದುಕೊಂಡು ಗುಬ್ಬಿಗೆ ಹೋದರು. ನಮಗೂ ಕ್ರಯಪತ್ರ ಬಂತು, ಬಾಗಿಲು ನೀಲಿಯಾಯಿತು, ಸಾಲಿನವರೆಲ್ಲ ತಮ್ಮ ತಮ್ಮ ಕಾಂಪೌಂಡ್ ಹಾಕಿಕೊಂಡರು. ಒಂದು ಮಾತು ಒಪ್ಪಿಕೊಳ್ಳಬೇಕು: ಈ ಮನೆ ಸ್ವಂತದ್ದಾಗಿರದಿದ್ದರೆ ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು ಎಲ್ಲಿರುತ್ತಿದ್ದೆವೋ ಗೊತ್ತಿಲ್ಲ.

ಸುತ್ತಿಗೆ ಬಿದ್ದ ಮರುದಿನ ಗುಬ್ಬಿ ಬಸ್ಸು ಹತ್ತಿದೆ. ಎರಡು ಟೈಲರ್ ಅಂಗಡಿಯಲ್ಲಿ ವಿಚಾರಿಸುವಷ್ಟರಲ್ಲಿ ಮನೆ ಸಿಕ್ಕಿತು. ಅದೂ ಬಾಡಿಗೆಯದೇ. ಸಾವಿತ್ರಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕ, ಅವತ್ತು ಅಪ್ಪ..." ಎಂದು ಶುರು ಮಾಡಿದೆ.

"ಬುಡಮ್ಮ. ನನ್ ಫೈಲೂ ಅಲ್ಲಿದ್ದಿದ್ರೆ ನಾನೂ ಹಂಗೇ ಅಂತಿದ್ನೋ ಏನೋ. ಆದ್ರೆ ಆಮೇಲೆ ನಿಮ್ಮನೇರು ಒಬ್ರೂ ಈ ಕಡೆ ತಲೆ ಹಾಕ್ಲಿಲ್ಲ ನೋಡು, ಅದು ಬೇಜಾರು. ಎಷ್ಟ್ ದೂರ ಐತೆ ಗುಬ್ಬಿ?"

ಮನೆ ಹೋದದ್ದಕ್ಕಷ್ಟೇ ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅವರು ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡೆ.

ಹೊರಡುವಾಗ, "ಭಾನುವಾರ ಅಮ್ಮನ್ನ ಕರ್ಕೊಂಡ್ ಬರ್ಲಾ?" ಎಂದು ಕೇಳಿದೆ. ಸಾವಿತ್ರಕ್ಕ ಚಪ್ಪಲಿ ಮೆಟ್ಟಿಕೊಂಡರು. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, ನಾನು ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ನಿಂತು ಹೇಳಿದರು:

"ಕರ್ಕೊಂಡ್ ಬಾ. ಎಲ್ಲಿಗೆ ಅಂತ ಮಾತ್ರ ಮುಂಚೆ ಹೇಳ್ಬೇಡ ಕಣೇ. ಹೇಳಿದ್ರೆ ಅವ್ಳು ಬರಲ್ಲ."