ಬೀಳ್ಕೊಡುಗೆಯ ಆಸೆ

ನನಗೆ ಭಾನುವಾರವೆಂದರೆ ಭಯವಿತ್ತು ಎಂದರೆ ನೀವು ನಗಬಹುದು. ಆಫೀಸಿಗೆ ಹೋಗುವ ಮನುಷ್ಯ ಸೋಮವಾರಕ್ಕೆ ಹೆದರುವುದು ರೂಢಿ. ಆದರೆ ಮಕ್ಕಳ ಶಾಲೆಗಾಗಿ ಸಂಸಾರವನ್ನು ಧಾರವಾಡದಲ್ಲೇ ಬಿಟ್ಟು, ನಾಸಿಕ ರೋಡಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ಕೇಂದ್ರ ಸರ್ಕಾರದ ಗುಮಾಸ್ತ ನಾನು. ಸೋಮವಾರವಾದರೆ ಮಾತಿಗೆ ನಾಲ್ಕು ಜನ ಸಿಗುತ್ತಿದ್ದರು. ಭಾನುವಾರ ಬಟ್ಟೆ ಒಗೆದು ಹರವಿ, ಅವು ಒಣಗುವುದನ್ನು ನೋಡುತ್ತ ಕೂತರೆ ಮಧ್ಯಾಹ್ನ ಮುಗಿಯುತ್ತಲೇ ಇರಲಿಲ್ಲ. ಇದು ಎಂಬತ್ತರ ದಶಕದ ಮಾತು. ಊರಿನವರ ದನಿ ಕೇಳಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು.

ಆ ಭಯಕ್ಕೆ ಮದ್ದಾಗಿ ಸಿಕ್ಕಿದ್ದು ಒಂದು ಸೇವಾ ಬಳಗ. ವರ್ಗವಾಗಿ ಬಂದ ಕನ್ನಡಿಗರು ಕೂಡಿ ಕಟ್ಟಿದ್ದು. ಕೆಲಸ ಒಂದೇ: ಬೇಸಿಗೆಯ ಭಾನುವಾರಗಳಲ್ಲಿ ನಾಸಿಕ ರೋಡ್ ಸ್ಟೇಷನ್ನಿಗೆ ಹೋಗಿ, ಮುಂಬಯಿಯಿಂದ ಉತ್ತರಕ್ಕೆ ಹೋಗುವ ಗಾಡಿಗಳ ಜನರಲ್ ಡಬ್ಬಿಗಳಿಗೆ ಕುಡಿಯುವ ನೀರು ಕೊಡುವುದು. ಆ ಡಬ್ಬಿಯಿಂದ ಒಮ್ಮೆ ಇಳಿದವನು ಮತ್ತೆ ಹತ್ತುವುದು ಸುಳ್ಳು. ಹಾಗಾಗಿ ಜನ ಕಿಟಕಿಯಿಂದಲೇ ಬಾಟಲಿ, ಚೆಂಬು ಚಾಚುತ್ತಿದ್ದರು. ನಾನು ಸೇರಿದ ವರ್ಷವೇ ಅಧ್ಯಕ್ಷರಿಗೆ ನಾಗಪುರಕ್ಕೆ ವರ್ಗವಾಯಿತು, ಖಜಾಂಚಿಗೆ ಭೋಪಾಲಕ್ಕೆ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದದ್ದು ಕಾರ್ಯದರ್ಶಿಯಾದ ನಾನು ಮತ್ತು ಹಿಡಿಕೆ ಸಡಿಲಾದ ಕೆಲವು ಅಲ್ಯೂಮಿನಿಯಂ ಕ್ಯಾನುಗಳು. ಸಭೆ ಕರೆದರೆ ನಾನೇ ಸ್ವಾಗತಿಸಿ ನಾನೇ ವಂದಿಸಬೇಕು. ಭಿನ್ನಾಭಿಪ್ರಾಯವೇ ಇಲ್ಲದ ಅಂಥ ಸಂಸ್ಥೆ ಮಹಾರಾಷ್ಟ್ರದಲ್ಲಿ ಇನ್ನೊಂದಿರಲಾರದು. ಆದರೆ ಒಬ್ಬನೇ ಕ್ಯಾನು ಹಿಡಿದು ಓಡಿದರೆ ಗಾಡಿ ಬಿಡುವ ಹೊತ್ತಿಗೆ ಅರ್ಧ ಡಬ್ಬಿಯೂ ಮುಗಿಯುತ್ತಿರಲಿಲ್ಲ. ಬಳಗ ಮುಚ್ಚಿದರೆ ನಾನು ಮತ್ತೆ ಒಗೆದ ಬಟ್ಟೆಗಳ ಎದುರು ಕೂರಬೇಕೆಂಬುದೂ ಗೊತ್ತಿತ್ತು. ಹೀಗಾಗಿ ಸದಸ್ಯರನ್ನು ಹುಡುಕಲು ಹೊರಟೆ.

ಪರಸ್ಥಳದಲ್ಲಿ ಕನ್ನಡಿಗನನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಕಾಯಿಪಲ್ಲೆ ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಿ, ಲೆಕ್ಕವನ್ನು ಮಾತ್ರ ಕನ್ನಡದಲ್ಲಿ ಗುನುಗುವವರನ್ನು ಹಿಂದಿನಿಂದ ಹೋಗಿ ಹಿಡಿಯುತ್ತಿದ್ದೆ. ಅವರೂ ಹಿಗ್ಗಿ ಮನೆಗೆ ಕರೆದು ಚಹಾ ಕೊಡುತ್ತಿದ್ದರು. ಬಳಗದ ಮಾತೆತ್ತಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ: ವರ್ಗದ ಆರ್ಡರ್ ಇನ್ನೇನು ಬರುವುದರಲ್ಲಿದೆ, ಈಗ ಸೇರಿ ಏನು ಮಾಡುವುದು. ಬಾಗಲಕೋಟೆ ಕಡೆಯಿಂದ ಬಂದ ಬ್ಯಾಂಕಿನ ಜೋಶಿಯವರು ಈ ಮಾತನ್ನು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದರು. ಅವರ ಮನೆಯಲ್ಲಿ ಕೆಲವು ಪೆಟ್ಟಿಗೆಗಳ ಹಗ್ಗವನ್ನೇ ಬಿಚ್ಚಿರಲಿಲ್ಲ. ಮೇಲೊಂದು ಜಮಖಾನೆ ಹಾಸಿ ಬಂದವರನ್ನು ಅದರ ಮೇಲೆ ಕೂಡಿಸುತ್ತಿದ್ದರು. ಅಲ್ಲೇ ಹುಟ್ಟಿದ ಮಗಳು ಹೈಸ್ಕೂಲಿಗೆ ಬಂದು, ಅಪ್ಪನ ಕನ್ನಡಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಜೋಶಿಯವರು ಮಾತ್ರ ನಾಳೆ ಹೊರಡುವವರ ಹಾಗೆಯೇ ಇದ್ದರು.

ಒಂದು ಭಾನುವಾರ ಸ್ಟೇಷನ್ನಿನಲ್ಲಿ ಹಿರೇಮಠ ಎಂಬವರು ಸಂಸಾರ ಸಮೇತ ಊರು ಬಿಡುವುದನ್ನು ಕಂಡೆ. ನಾಸಿಕದಲ್ಲಿ ಬಹಳ ಕಾಲ ಇದ್ದವರು. ಕಳಿಸಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಗಾಡಿ ಅಲುಗಿದಾಗ ಅವರ ಹೆಂಡತಿ ಕೈ ಬೀಸಿದರು. ಎದುರಿಗಿದ್ದವನು ಸಾಮಾನು ಹೊತ್ತು ತಂದ ಹಮಾಲ. ಪಾಪ, ಅವನೂ ಕೈ ಬೀಸಿದ. ಇದೇ ನಾಸಿಕದ ಪಂಚವಟಿಗೆ ದೇವರಿಗೂ ಒಮ್ಮೆ ವರ್ಗವಾಗಿತ್ತಲ್ಲ, ಅವನನ್ನು ಕಳಿಸಲು ಇಡೀ ರಾಜಧಾನಿಯೇ ನದಿಯ ದಂಡೆಯವರೆಗೆ ಅಳುತ್ತ ಬಂದಿತ್ತಂತೆ. ಅವನೋ ಹೆಂಡತಿಯನ್ನೂ ತಮ್ಮನನ್ನೂ ಜೊತೆಗೆ ಕರೆದುಕೊಂಡೇ ಬಂದ. ಗುಮಾಸ್ತರಿಗೆ ಅಷ್ಟು ಸೌಲಭ್ಯಗಳಿರುವುದಿಲ್ಲ.

ಅಂದಿನಿಂದ ನನ್ನ ಭಾಷಣ ಬದಲಾಯಿತು. ಸೇವೆ, ಪುಣ್ಯ ಎಲ್ಲವನ್ನೂ ಬದಿಗಿಟ್ಟು ಜೋಶಿಯವರಿಗೆ ನೇರವಾಗಿ ಹೇಳಿದೆ: "ಬಳಗಕ್ಕ ಸೇರ್ರಿ. ನೀವು ಊರು ಬಿಡೋ ದಿನ ನಾವೆಲ್ಲಾ ಹಾರ ತಗೊಂಡು ಸ್ಟೇಷನ್ನಿಗೆ ಬರ್ತೀವಿ."

ಜೋಶಿಯವರು ಜಮಖಾನೆ ಹಾಸಿದ ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು. ಆಮೇಲೆ, "ಖರೇನ ಬರ್ತೀರೇನ್ರಿ?" ಎಂದು ಕೇಳಿದರು.

ಅವರು ಸೇರಿದರು, ಅವರ ಹಿಂದೆ ಬೇರೆಯವರೂ ಸೇರಿದರು. ಯಾರಿಗಾದರೂ ವರ್ಗವಾದರೆ ಹಾರ, ಥರ್ಮಾಸಿನಲ್ಲಿ ಚಹಾ, ದಾರಿಗೆ ಚಪಾತಿ ಪಲ್ಯ, ಏರ್ಪಾಟೆಲ್ಲ ನನ್ನದು. ನೀರು ಕೊಡುವ ಭಾನುವಾರ ಮಾತ್ರ ಸದಸ್ಯರು ಬೆಂಚು ಹಿಡಿದು ಊರಿನ ಸುದ್ದಿ ಆಡುತ್ತ ಕೂರುತ್ತಿದ್ದರು. ಹೆಚ್ಚು ಓಡುತ್ತಿದ್ದವನು ನಾನೇ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ, ಅವರು ಮುನಿಸಿಕೊಂಡು ಹೋದರೆ ಮತ್ತೆ ಒಬ್ಬನೇ ಆಗುತ್ತೇನೆ. ಆದರೆ ನಾನು ಹೋದ ಮೇಲೆ ಈ ನೀರನ್ನು ಯಾರು ಹೊರುತ್ತಾರೆಂಬ ಚಿಂತೆ ಬಿಡಲಿಲ್ಲ.

ಆಮೇಲೆ ವರ್ಗವಾದದ್ದು ನನಗೆ, ಈಗ ಸಂಭಾಜಿನಗರವೆನ್ನುವ ಔರಂಗಾಬಾದಿಗೆ. ಮನ್ಮಾಡಿನವರೆಗೆ ಹೋಗಿ ಅಲ್ಲಿ ಗಾಡಿ ಬದಲಿಸಬೇಕು. ಕಳಿಸಿಕೊಡುವವನನ್ನೇ ಕಳಿಸಿಕೊಡುವ ಏರ್ಪಾಟು ಯಾರದೆಂದು ಬಳಗದಲ್ಲಿ ಯಾರೂ ಯೋಚಿಸಿದಂತೆ ಕಾಣಲಿಲ್ಲ. ನಾಚಿಕೆ ಬಿಟ್ಟು ನಾನೇ ಮನೆಮನೆಗೆ ಹೋಗಿ ಗಾಡಿಯ ಹೊತ್ತು ತಿಳಿಸಿ ಬಂದೆ. ಹಾರದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಿಯ ಮುಂದೆ ಕತ್ತು ಬಗ್ಗಿಸಿ ನೋಡಿಕೊಂಡೆ.

ಎಲ್ಲರೂ ಬಂದಿದ್ದರು. ಜೋಶಿಯವರ ಕೈಯಲ್ಲಿ ಹಾರವಿತ್ತು. ಭಾನುವಾರವಾದ್ದರಿಂದ ನಾನು ತುಂಬಿಸಿಟ್ಟ ಕ್ಯಾನುಗಳೂ ಬೆಂಚಿನ ಪಕ್ಕದಲ್ಲಿದ್ದವು. ಉರಿಬಿಸಿಲಿನಲ್ಲಿ ಗಾಡಿ ತಡವಾಗಿ, ಕಿಕ್ಕಿರಿದು ಬಂತು. ನಾನು ಹೇಗೋ ಜನರಲ್ ಡಬ್ಬಿಯೊಳಗೆ ತೂರಿ ಒಂದು ಕಿಟಕಿ ಹಿಡಿದೆ. ಜೋಶಿಯವರು ನನ್ನನ್ನು ಹುಡುಕುತ್ತಿರುವಾಗಲೇ ಡಬ್ಬಿಯ ಆ ತುದಿಯಿಂದ ಒಬ್ಬ ಹೆಂಗಸು ಕೂಸನ್ನು ಎತ್ತಿ ಹಿಡಿದು "ಪಾನೀ, ಪಾನೀ" ಎಂದು ಕೂಗಿದಳು. ಎಲ್ಲರೂ ಅಭ್ಯಾಸಬಲದಿಂದ ನನಗಾಗಿ ಅತ್ತಿತ್ತ ನೋಡಿದರು. ಓಡಬೇಕಾದ ನಾನು ಒಳಗಿದ್ದೆ. ಜೋಶಿಯವರು ಹಾರವನ್ನು ಬೆಂಚಿನ ಮೇಲೆ ಹಾಕಿ, ಕ್ಯಾನು ಎತ್ತಿಕೊಂಡು ಓಡಿದರು. ಉಳಿದವರೂ ಓಡಿದರು.

ಕಿಟಕಿಯಿಂದ ಕಿಟಕಿಗೆ ದಾಟುತ್ತ ಜೋಶಿಯವರು ನನ್ನ ಕಿಟಕಿಗೂ ಬಂದರು. ಬೆವರು ಇಳಿಯುತ್ತಿತ್ತು. ಅವರ ಕಣ್ಣು ಚಾಚಿದ ಕೈಗಳ ಮೇಲಿತ್ತು, ಮುಖಗಳ ಮೇಲಲ್ಲ. "ಬೋತಲ್ ದೋ, ಜಲ್ದಿ" ಎಂದರು. ಕೊಟ್ಟೆ. ತುಂಬಿಸಿ ಮುಂದಿನ ಕಿಟಕಿಗೆ ಹೋದರು. ಜೋಶಿಯವರೇ ಎಂದು ಕರೆಯಬಹುದಿತ್ತು. ಕರೆದಿದ್ದರೆ ಖಂಡಿತ ನಿಲ್ಲುತ್ತಿದ್ದರು, ಮುಂದಿನ ಕಿಟಕಿಗೆ ನೀರು ಸಿಗುತ್ತಿರಲಿಲ್ಲ.

ಗಾಡಿ ಹೊರಟಾಗ ನನಗೆ ಕಂಡದ್ದು ಅವರೆಲ್ಲರ ಬೆನ್ನು. ಅಷ್ಟು ಒಂಟಿಯಾಗಿ ನಾನು ಯಾವ ಊರನ್ನೂ ಬಿಟ್ಟಿರಲಿಲ್ಲ. ಜೋಶಿಯವರು ತುಂಬಿಸಿಕೊಟ್ಟ ನೀರು ಕುಡಿದೆ.

ಪಕ್ಕದಲ್ಲಿದ್ದ ಮುದುಕರೊಬ್ಬರು, ನಿಮ್ಮನ್ನು ಕಳಿಸಲು ಯಾರೂ ಬರಲಿಲ್ಲವೇ ಎಂದು ಮರಾಠಿಯಲ್ಲಿ ಮರುಕದಿಂದ ಕೇಳಿದರು. ಎಲ್ಲರೂ ಬಂದಿದ್ದರು, ಅವರಿಗೆ ಕೆಲಸವಿತ್ತು ಎಂದೆ.